ಸೋಲಿಗೆ ಮುಂಗಡ ಕೊಟ್ಟು ಕೂರುವುದು: ಪಿಟ್ಸ್‌ಬರ್ಗ್ ಪೈರೇಟ್ಸ್ ಸೀಸನ್ ಟಿಕೆಟ್

ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಸೀಸನ್ ಟಿಕೆಟನ್ನು ನಾವು ನಾಲ್ಕು ಮನೆಯವರು ಸೇರಿ ಕೊಳ್ಳುತ್ತೇವೆ. ಎರಡು ಆಸನ, ತವರಿನ 81 ಪಂದ್ಯ. ಮಾರ್ಚ್ ತಿಂಗಳ ಒಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಉಪ್ಪಿಟ್ಟು, ಕಾಫಿ ಮುಗಿದ ಮೇಲೆ ವೇಳಾಪಟ್ಟಿಯನ್ನು ಊಟದ ಮೇಜಿನ ಮೇಲೆ ಹರಡಿ, ಚೀಟಿ ಎತ್ತಿ ಪಂದ್ಯಗಳನ್ನು ಹಂಚಿಕೊಳ್ಳುತ್ತೇವೆ. ಒಳ್ಳೆಯ ಪಂದ್ಯಕ್ಕಾಗಿ ಜಗಳವಾಡಿದ್ದು ನನಗೆ ನೆನಪಿಲ್ಲ. ಏಪ್ರಿಲ್ ತಿಂಗಳ ಚಳಿಯ ಮಂಗಳವಾರ ಯಾರ ಪಾಲಿಗೆ ಬಂತೋ ಅವರು ಅದನ್ನು ಬೇರೆಯವರ ತಲೆಗೆ ಕಟ್ಟಲು ಮಾಡುವ ಚೌಕಾಸಿ ಮಾತ್ರ ಪ್ರತಿ ವರ್ಷವೂ ನಡೆಯುತ್ತದೆ. 2009ರಿಂದ ಹೀಗೇ ಸಾಗಿದೆ. ಈಚೆಗೆ ಊರಿಗೆ ಬಂದು ನೆಲೆಸಿದ ಕನ್ನಡದ ಕುಟುಂಬಗಳು ಈ ಟಿಕೆಟ್ ಕೊಳ್ಳಬಹುದೇ ಎಂದು ಆಗಾಗ ಕೇಳುವುದರಿಂದ, ಕೊಟ್ಟ ಹಣಕ್ಕೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲು ಸಿಗದಿರುವುದನ್ನೇ ಹೇಳುವುದು ನ್ಯಾಯ. ಈ ತಂಡ ಬೇಸ್‌ಬಾಲಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದದ್ದು ಐದು ಸಲ, ಕೊನೆಯದು 1979ರಲ್ಲಿ. 1992ರ ಅಕ್ಟೋಬರ್ 14ರ ರಾತ್ರಿ ಅಟ್ಲಾಂಟಾದಲ್ಲಿ, ಒಂಬತ್ತನೆಯ, ಅಂದರೆ ಕೊನೆಯ, ಇನಿಂಗ್ಸಿನ ಎರಡನೆಯ ಪಾಳಿಗೆ ಬರುವಾಗ 2–0 ಮುಂದಿದ್ದ ತಂಡ, ಗೆದ್ದರೆ ವರ್ಲ್ಡ್ ಸೀರೀಸಿಗೆ ಹೋಗಬೇಕಾಗಿದ್ದ ತಂಡ, 3–2ರಿಂದ ಸೋತಿತು. ಗೆಲುವಿನ ರನ್ ಓಡಿದವನು ಸಿಡ್ ಬ್ರೀಮ್. ಮೊದಲು ಪಿಟ್ಸ್‌ಬರ್ಗಿನಲ್ಲೇ ಆಡಿದ್ದ, ಓಟದಲ್ಲಿ ನಿಧಾನಿ ಎಂದೇ ಹೆಸರಾಗಿದ್ದ ಆಟಗಾರ. ಮರುವರ್ಷದಿಂದ 2012ರವರೆಗೆ, ಒಂದೇ ಒಂದು ವರ್ಷವೂ ಬಿಡದೆ, ಸತತ 20 ವರ್ಷ ತಂಡದ ಸೋಲು ಗೆಲುವಿಗಿಂತ ಹೆಚ್ಚಾಗಿತ್ತು. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗುಗಳಲ್ಲಿ ಇಷ್ಟು ಉದ್ದದ ಸೋಲಿನ ಸಾಲು ಬೇರೆ ಯಾವ ತಂಡಕ್ಕೂ ಇಲ್ಲ. ನಾನು ಮೊದಲ ಟಿಕೆಟ್ ಕೊಂಡ 2009ನೆಯ ವರ್ಷವೇ ಫಿಲಡೆಲ್ಫಿಯಾ ತಂಡದ ಹೆಸರಿನಲ್ಲಿದ್ದ, ಸತತ 16 ವರ್ಷ ಸೋತ ಹಳೆಯ ದಾಖಲೆ ಮುರಿದದ್ದು. ನನ್ನ ಕಾಲ್ಗುಣ ಎಂದು ಮನೆಯವರು ಇಂದಿಗೂ ಹೇಳುತ್ತಾರೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಸೋಲಿನ ಬಗೆ ಬೇಗ ಅರ್ಥವಾಗುವುದಿಲ್ಲ. ಆರ್‌ಸಿಬಿ ಅಭಿಮಾನಿಗಳು 2025ರಲ್ಲಿ ಕಪ್ ಬರುವವರೆಗೆ ಪಟ್ಟ ಪಾಡು ಬೇರೆ. ಅದು ಮೂರು ಸಲ ಫೈನಲ್ ತಲುಪಿ, ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದ ಸಂಕಟ. ಬೇಸ್‌ಬಾಲಿನಲ್ಲಿ ಒಂದು ತಂಡ ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ. 2021ರ ಪೈರೇಟ್ಸ್ 101 ಪಂದ್ಯ ಸೋತರೂ 61 ಗೆದ್ದಿತು ಎಂಬುದನ್ನು ಮರೆಯಬಾರದು. ಅಂದರೆ ಅತಿ ಕೆಟ್ಟ ವರ್ಷದಲ್ಲಿಯೂ ನೀವು ಹೋದ ದಿನ ತಂಡ ಗೆಲ್ಲುವ ಸಾಧ್ಯತೆ ತೀರಾ ಕಡಿಮೆಯೇನಲ್ಲ; ಆ ಗೆಲುವಿಗಾಗಿಯೇ ಜನ ಮತ್ತೆ ಹೋಗುತ್ತಾರೆ. ಉಳಿದ ದಿನಗಳಲ್ಲಿ ಸೋಲನ್ನು ಯಾರೂ ದೊಡ್ಡದಾಗಿ ಮಾತನಾಡುವುದಿಲ್ಲ. ಆಗುಂಬೆಯಲ್ಲಿ ಮಳೆ ಬಂತೆಂದು ಯಾರೂ ಬಂದು ಹೇಳುವುದಿಲ್ಲವಲ್ಲ, ಹಾಗೆ.

ಇನ್ನು ಸಿಗುವುದರ ವಿಷಯ. 2001ರಲ್ಲಿ ತೆರೆದ ಪಿಎನ್‌ಸಿ ಪಾರ್ಕ್ ನಾನು ನೋಡಿದ ಕ್ರೀಡಾಂಗಣಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಪಂದ್ಯದ ದಿನ ರೊಬೆರ್ಟೊ ಕ್ಲೆಮೆಂಟೆ ಸೇತುವೆಯನ್ನು ವಾಹನಗಳಿಗೆ ಮುಚ್ಚುತ್ತಾರೆ. ಹಳದಿ ಬಣ್ಣದ ಆ ಸೇತುವೆಯ ನಡುವಿನಲ್ಲಿ, ಕೆಳಗೆ ಅಲೆಗೆನಿ ನದಿ, ಎದುರಿಗೆ ಮೈದಾನದ ದೀಪದ ಕಂಬಗಳು, ಹಿಂದೆ ಪೇಟೆಯ ಗಗನಚುಂಬಿಗಳು, ಹೀಗೆ ನಡೆದು ಹೋಗುವ ಹತ್ತು ನಿಮಿಷಗಳನ್ನು ಜಾತ್ರೆಗೆ ಹೋಗುವ ನಡಿಗೆಗೆ ಹೋಲಿಸಬಹುದು. ಎರಡೇ ಅಂತಸ್ತಿನ ಕ್ರೀಡಾಂಗಣವಾದ್ದರಿಂದ ಕಡಿಮೆ ಬೆಲೆಯ ಮೇಲಿನ ಆಸನಗಳಿಂದಲೂ ಚೆಂಡು ಸ್ಪಷ್ಟವಾಗಿ ಕಾಣುತ್ತದೆ. ಬಲಗಡೆಯ ಗೋಡೆ 21 ಅಡಿ ಎತ್ತರವಿದೆ. 1972ರ ಡಿಸೆಂಬರ್ 31ರಂದು ನಿಕರಾಗ್ವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುವಾಗ ವಿಮಾನ ಅಪಘಾತದಲ್ಲಿ ತೀರಿಕೊಂಡ ಪೈರೇಟ್ಸ್ ಆಟಗಾರ ಕ್ಲೆಮೆಂಟೆಯ ಅಂಗಿಯ ಸಂಖ್ಯೆ 21; ಗೋಡೆಯ ಎತ್ತರ ಅವನ ನೆನಪಿಗೆ. ನಮ್ಮ ಆಸನಗಳು ಮೂರನೆಯ ಬೇಸಿನ ಕಡೆಯ ಮೇಲಂತಸ್ತಿನಲ್ಲಿವೆ. ನದಿ, ಸೇತುವೆ, ಪೇಟೆ ಮೂರೂ ಒಟ್ಟಿಗೆ ಕಾಣುವುದರಿಂದ ಹೊಸಬರಿಗೂ ಅದೇ ಕಡೆಯನ್ನು ಸೂಚಿಸುತ್ತೇನೆ. ಆಟ ಕೆಟ್ಟರೂ ನೋಡಲು ಬೇರೆ ಏನಾದರೂ ಇರುತ್ತದೆ.

ಊಟದ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ. ಊರಿನ ಹೆಮ್ಮೆಯಾದ ಪ್ರಿಮಾಂಟಿ ಸ್ಯಾಂಡ್‌ವಿಚ್‌ನಲ್ಲಿ ಆಲೂಗಡ್ಡೆಯ ಫ್ರೈಸ್ ಮತ್ತು ಎಲೆಕೋಸಿನ ಪಲ್ಯದಂಥದ್ದನ್ನು ಬ್ರೆಡ್ಡಿನ ಒಳಗೇ ತುರುಕುತ್ತಾರೆ. ಮಾಂಸ ತಿನ್ನುವವರು ಒಮ್ಮೆ ತಿನ್ನಲೇಬೇಕು. ತಿನ್ನದವರಿಗೆ ಪಿರೋಗಿ ಇದೆ. ಪೋಲೆಂಡ್ ಮೂಲದ ಈ ತಿಂಡಿಯನ್ನು ಆಲೂಗಡ್ಡೆ, ಚೀಸ್ ತುಂಬಿದ ಕಡುಬು ಎಂದುಕೊಂಡರೆ ತಪ್ಪಿಲ್ಲ. ಪಂದ್ಯದ ನಡುವೆ ಪಿರೋಗಿಯ ವೇಷ ತೊಟ್ಟವರು ಮೈದಾನದ ಅಂಚಿನಲ್ಲಿ ಓಟದ ಸ್ಪರ್ಧೆ ನಡೆಸುತ್ತಾರೆ. ಕೆಲವು ರಾತ್ರಿಗಳಲ್ಲಿ ಆ ಕಡುಬುಗಳ ಓಟವೊಂದೇ ಕೊನೆಯವರೆಗೂ ಯಾರು ಗೆಲ್ಲುತ್ತಾರೆಂದು ಗೊತ್ತಾಗದ ಸ್ಪರ್ಧೆಯಾಗಿರುತ್ತದೆ. ಹೊರಗಿನ ತಿಂಡಿಯನ್ನು ಮೆತ್ತನೆಯ ಸಣ್ಣ ಚೀಲದಲ್ಲಿ ಒಯ್ಯಲು ಬಿಡುತ್ತಾರೆಂಬುದು ನಮ್ಮವರಿಗೆ ದೊಡ್ಡ ಅನುಕೂಲ. ಭಾನುವಾರ ಬೆಳಿಗ್ಗೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ, ಅಲ್ಲಿನ ಪುಳಿಯೋಗರೆ ಕಟ್ಟಿಸಿಕೊಂಡು, ಮಧ್ಯಾಹ್ನದ ಪಂದ್ಯಕ್ಕೆ ಬಂದು ಕೂರುವುದು ನಮ್ಮ ನಾಲ್ಕು ಮನೆಗಳಲ್ಲೂ ರೂಢಿಯಾಗಿದೆ. ಕಾರನ್ನು ಮಾತ್ರ ತರಬೇಡಿ. ಒಮ್ಮೆ ಖಾಸಗಿ ನಿಲ್ದಾಣವೊಂದರಲ್ಲಿ ಪಂದ್ಯ ಮುಗಿಯುವ ಮೊದಲೇ ಗೇಟಿಗೆ ಬೀಗ ಹಾಕಿಕೊಂಡು ಕಾವಲುಗಾರ ಹೊರಟುಹೋಗಿದ್ದರಿಂದ, ಮಲಗಿದ್ದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಒಂದು ಗಂಟೆ ನಿಂತಿದ್ದೇವೆ. ಪೇಟೆಯಿಂದ ನದಿಯಡಿಯ ಸುರಂಗದಲ್ಲಿ ಬರುವ ರೈಲಿಗೆ ಮೈದಾನದ ಕಡೆಯ ದಡದ ಎರಡು ನಿಲ್ದಾಣಗಳ ಮಟ್ಟಿಗೆ ಟಿಕೆಟ್ಟೇ ಬೇಕಿಲ್ಲ.

ನಮ್ಮ ಪಕ್ಕದ ಆಸನದಲ್ಲಿ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಕೂರುತ್ತಾರೆ. ಮೊಂಡು ಪೆನ್ಸಿಲ್ಲು, ಅಂಚು ಸುತ್ತಿಹೋದ ಸ್ಕೋರ್ ಪುಸ್ತಕ, ಮಂಡಿಯ ಮೇಲೆ ಒಂದು ಟವೆಲ್ಲು. ಪ್ರತಿ ಚೆಂಡನ್ನೂ ಬರೆಯುತ್ತಾರೆ. ಬೀಸಿ ಔಟಾದರೆ ಇಂಗ್ಲಿಷಿನ ಕೆ ಅಕ್ಷರವನ್ನು ನೇರವಾಗಿಯೂ, ಬ್ಯಾಟನ್ನು ಹೆಗಲಿನಿಂದ ಇಳಿಸದೆ ನಿಂತು ಔಟಾದರೆ ಅದೇ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೂ ಬರೆಯಬೇಕೆಂದು ನನಗೆ ಕಲಿಸಿದವರು ಅವರು. 2010ರ ಏಪ್ರಿಲ್ 22ರಂದು ಇದೇ ಮೈದಾನದಲ್ಲಿ ಮಿಲ್ವಾಕಿ ತಂಡದ ಎದುರು 20–0 ಸೋತ ಪಂದ್ಯದ ಪುಟವನ್ನು ಅವರು ಒಮ್ಮೆ ತೆರೆದು ತೋರಿಸಿದರು. ಎದುರಾಳಿಗಳ ಕಡೆಯ ಚೌಕಗಳಲ್ಲಿ ಸೀಸದ ಕಪ್ಪು ಮೆತ್ತಿಕೊಂಡಿತ್ತು. ನಮ್ಮವರ ಕಡೆ ಶಾಲೆಯ ಹೊಸ ಪುಸ್ತಕದಷ್ಟು ಬಿಳಿ. ಎಂಟನೆಯ ಇನಿಂಗ್ಸಿನಲ್ಲಾದರೂ ಎದ್ದು ಹೋಗಬಾರದಿತ್ತೇ ಎಂದು ಕೇಳಿದ್ದಕ್ಕೆ, ಪುಟ ಅರ್ಧಕ್ಕೆ ನಿಲ್ಲುತ್ತಿತ್ತಲ್ಲ ಎಂದಷ್ಟೇ ಹೇಳಿ ಪುಸ್ತಕ ಮಡಚಿದರು.

ಸೋಲಿನಲ್ಲಿಯೂ ಬಗೆಗಳಿವೆ ಎಂಬುದು ಇಲ್ಲಿ ಕೂತವರಿಗೆ ಗೊತ್ತಾಗುತ್ತದೆ. 2021ರ ಮೇ 27ರಂದು ಚಿಕಾಗೊ ಕಬ್ಸ್ ತಂಡದ ಹಾವಿಯೆರ್ ಬಾಯೆಸ್ ಚೆಂಡನ್ನು ನೆಲಕ್ಕೆ ಹೊಡೆದ. ಎರಡು ಔಟಾಗಿತ್ತು, ಚೆಂಡು ಹಿಡಿದ ನಮ್ಮ ಆಟಗಾರ ತನ್ನ ಹಿಂದಿದ್ದ ಮೊದಲ ಬೇಸನ್ನು ಕಾಲಿನಿಂದ ಮುಟ್ಟಿದ್ದರೆ ಮೂರನೆಯ ಔಟಾಗಿ ಇನಿಂಗ್ಸ್ ಮುಗಿಯುತ್ತಿತ್ತು. ಬಾಯೆಸ್ ನಿಂತು, ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಓಡತೊಡಗಿದ. ನಮ್ಮವನು ಬೇಸನ್ನು ಮರೆತು, ಅಂಗಳದಲ್ಲಿ ಕೋಳಿ ಹಿಡಿಯುವವನಂತೆ ಅವನ ಹಿಂದೆಯೇ ಹೋದ. ಅಷ್ಟರಲ್ಲಿ ಇನ್ನೊಬ್ಬ ಓಟಗಾರ ಬಂದು ರನ್ ಗಳಿಸಿದ. ಬಾಯೆಸ್ ಮತ್ತೆ ತಿರುಗಿ ಮೊದಲ ಬೇಸಿಗೆ ಓಡಿ, ಎಸೆತ ತಪ್ಪಿದ್ದರಿಂದ ಎರಡನೆಯದನ್ನೂ ತಲುಪಿದ. ಇದರ ಎದುರಿಗೆ 2022ರ ಮೇ 15 ಇದೆ. ಅಂದು ಸಿನ್ಸಿನಾಟಿಯ ಪಿಚರ್‌ಗಳು, ಅಂದರೆ ಚೆಂಡೆಸೆಯುವವರು, ನಮ್ಮವರಿಗೆ ಇಡೀ ಪಂದ್ಯದಲ್ಲಿ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಡಲಿಲ್ಲ. ಆದರೂ ಪೈರೇಟ್ಸ್ 1–0ರಿಂದ ಗೆದ್ದಿತು. ಹೇಗೆ ಗೆದ್ದೆವೆಂದು ಮಕ್ಕಳಿಗೆ ವಿವರಿಸುವಷ್ಟರಲ್ಲಿ ಸೇತುವೆ ದಾಟಿ ಆಗಿತ್ತು.

ಒಳ್ಳೆಯ ಕಾಲ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. 2013ರಲ್ಲಿ ತಂಡ 94 ಪಂದ್ಯ ಗೆದ್ದಿತು. ಅಕ್ಟೋಬರ್ 1ರ ವೈಲ್ಡ್ ಕಾರ್ಡ್ ಪಂದ್ಯಕ್ಕೆ, ಅಂದರೆ ಸೋತವರು ಹೊರಬೀಳುವ ಒಂದೇ ಪಂದ್ಯಕ್ಕೆ, ನಾಲ್ಕು ಮನೆಯವರೂ ಬೇಕೆಂದಾಗ ಮೊದಲ ಬಾರಿಗೆ ಚೀಟಿ ಎತ್ತುವುದಕ್ಕೆ ಅರ್ಥ ಬಂತು, ಮತ್ತು ಚೀಟಿ ನಮಗೆ ಬಂತು. 40 ಸಾವಿರ ಜನ ಕಪ್ಪು ಬಟ್ಟೆ ತೊಟ್ಟು ಸಿನ್ಸಿನಾಟಿಯ ಪಿಚರ್ ಜಾನಿ ಕ್ವೇಟೊನ ಹೆಸರನ್ನು ಎಳೆದೆಳೆದು ಕೂಗುತ್ತಿದ್ದಾಗ, ಅವನ ಕೈಯಿಂದ ಚೆಂಡು ಜಾರಿ ನೆಲಕ್ಕೆ ಬಿತ್ತು. ಮುಂದಿನ ಎಸೆತವನ್ನೇ ರಸೆಲ್ ಮಾರ್ಟಿನ್ ಎಡಗಡೆಯ ಗೋಡೆಯಾಚೆಗೆ ಹೊಡೆದ. ಕಾಲಡಿಯ ಕಾಂಕ್ರೀಟು ಅದುರಿದ್ದು ನನಗೆ ಈಗಲೂ ಅಂಗಾಲಿನಲ್ಲಿ ನೆನಪಿದೆ. 2014 ಮತ್ತು 2015ರಲ್ಲೂ ಅದೇ ಪಂದ್ಯ ಇಲ್ಲಿಯೇ ನಡೆಯಿತು; ಎರಡರಲ್ಲೂ ಒಂದು ರನ್ನೂ ಗಳಿಸದೆ ಸೋತೆವು. ಆಮೇಲಿನ ಹತ್ತು ವರ್ಷಗಳಲ್ಲಿ ಗೆಲುವು ಸೋಲಿಗಿಂತ ಹೆಚ್ಚಾಗಿದ್ದದ್ದು 2018ರಲ್ಲಿ ಮಾತ್ರ, ಅದೂ 82–79.

ಈ ಸೇವೆಯ ಬಗ್ಗೆ ನನ್ನ ಮುಖ್ಯ ದೂರು ಇಲ್ಲಿದೆ. ಕ್ರೀಡಾಂಗಣ ಇಷ್ಟು ಚೆನ್ನಾಗಿರುವುದೇ ತಂಡ ಚೆನ್ನಾಗಿಲ್ಲದಿರುವುದಕ್ಕೆ ಒಂದು ಕಾರಣ ಎಂದು ನಾನು ನಂಬಿದ್ದೇನೆ. ಬೇಸ್‌ಬಾಲಿನಲ್ಲಿ ಆಟಗಾರರ ಸಂಬಳಕ್ಕೆ ತಂಡವಾರು ಗರಿಷ್ಠ ಮಿತಿಯೂ ಇಲ್ಲ, ಕನಿಷ್ಠ ಮಿತಿಯೂ ಇಲ್ಲ. ಆದರೆ ರಾಷ್ಟ್ರೀಯ ಟಿವಿ ಪ್ರಸಾರದ ಹಣ 30 ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಆ ಹಣದ ಮೇಲೆ, ನದಿಯ ನೋಟಕ್ಕೆ, ಪಟಾಕಿಗೆ, ತಲೆಯಾಡಿಸುವ ಗೊಂಬೆಗೆ ಜನ ಬಂದೇ ಬರುತ್ತಾರೆ ಎಂದಾದರೆ, ಗೆಲ್ಲಲೇಬೇಕೆಂಬ ಒತ್ತಡ ಮಾರುವವರ ಮೇಲೆ ಎಷ್ಟಿದ್ದೀತು? ಹಾಗಾಗಿ ಬೆಳೆದ ಆಟಗಾರರನ್ನು ದುಬಾರಿಯಾಗುವ ಹೊತ್ತಿಗೆ ಬೇರೆ ಊರಿಗೆ ಕಳಿಸುವುದು ರೂಢಿಯಾಗಿದೆ. 2018ರ ಜನವರಿಯ ಒಂದೇ ತಿಂಗಳಲ್ಲಿ ಗೆರಿಟ್ ಕೋಲ್ ಹ್ಯೂಸ್ಟನ್‌ಗೂ, 2013ರ ಲೀಗಿನ ಶ್ರೇಷ್ಠ ಆಟಗಾರನಾಗಿದ್ದ ಆಂಡ್ರೂ ಮೆಕಚನ್ ಸ್ಯಾನ್ ಫ್ರಾನ್ಸಿಸ್ಕೊಗೂ ಹೋದರು. ನಮ್ಮ ಹಿತ್ತಲ ಹಲಸು ಪಕ್ಕದವರ ಅಟ್ಟದ ಮೇಲೆ ಹಣ್ಣಾಗುವುದನ್ನು ವಾಸನೆಯಿಂದಲೇ ತಿಳಿಯುವ ಸ್ಥಿತಿ ಇದು. 2025ರಲ್ಲಿ ನಮ್ಮ ತಂಡದ ಪಾಲ್ ಸ್ಕೀನ್ಸ್ ಒಂಬತ್ತು ಇನಿಂಗ್ಸಿಗೆ ಸರಾಸರಿ ಎರಡು ರನ್ ಕೂಡ ಬಿಟ್ಟುಕೊಡದೆ, 1.97ರ ಲೆಕ್ಕದಲ್ಲಿ ಪಿಚ್ ಮಾಡಿ, ಲೀಗಿನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. ಅವನ ಹೆಸರಿನಲ್ಲಿ ಆ ವರ್ಷ ದಾಖಲಾದದ್ದು ಹತ್ತು ಗೆಲುವು, ಹತ್ತು ಸೋಲು. ಅವನು ತಡೆದ ರನ್‌ಗಳನ್ನು ಗೆಲುವಾಗಿಸುವಷ್ಟು ಹೊಡೆಯುವವರು ತಂಡದಲ್ಲಿ ಇರಲಿಲ್ಲ. ತಂಡವನ್ನು ಮಾರಿಬಿಡಿ ಎಂದು ಜನ ಮೈದಾನದಲ್ಲೇ ಮಾಲೀಕರ ವಿರುದ್ಧ ಘೋಷಣೆ ಕೂಗುವುದು ಈಗ ಮಾಮೂಲಾಗಿದೆ. ಅದೇ ವರ್ಷ ಬಲಗಡೆಯ ಗೋಡೆಯ ಮೇಲಿನ ಕ್ಲೆಮೆಂಟೆಯ 21ರ ಗುರುತನ್ನು ತೆಗೆದು ಪಾನೀಯವೊಂದರ ಜಾಹೀರಾತು ಹಾಕಿದ್ದರು. ಊರು ಸಿಟ್ಟಿಗೆದ್ದ ಮೇಲೆ ಗುರುತು ಮರಳಿ ಬಂತು.

ಭಾರತೀಯರಿಗೆ ಈ ತಂಡದೊಂದಿಗೆ ಒಂದು ನಿಜವಾದ ನಂಟೂ ಇದೆ. ಟಿವಿ ಸ್ಪರ್ಧೆಯೊಂದರ ಮೂಲಕ ಆಯ್ಕೆಯಾದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಜಾವೆಲಿನ್ ಎಸೆತಗಾರರನ್ನು 2008ರ ನವೆಂಬರಿನಲ್ಲಿ ಒಪ್ಪಂದ ಮಾಡಿಕೊಂಡು ಸೇರಿಸಿಕೊಂಡದ್ದು ಪೈರೇಟ್ಸ್. ಇಬ್ಬರೂ ಕೆಳಹಂತದ ಲೀಗುಗಳಲ್ಲಿ ಆಡಿದರು, ಮೇಲಿನ ತಂಡಕ್ಕೆ ಬರಲಿಲ್ಲ. ಬೇರೆ ಯಾವ ತಂಡವೂ ಮಾಡದ ಪ್ರಯೋಗವನ್ನು ಸೋಲುವ ತಂಡ ಧೈರ್ಯವಾಗಿ ಮಾಡಿತು ಎಂಬುದೂ ನನ್ನ ಮೊದಲ ಟಿಕೆಟ್ಟಿಗೆ ಒಂದು ನೆಪವಾಗಿತ್ತು.

ಅಂಕ ಕೊಡುವುದಾದರೆ ಐದರಲ್ಲಿ ಮೈದಾನಕ್ಕೆ ಐದು, ತಂಡ ನಡೆಸುವ ರೀತಿಗೆ ಒಂದೂವರೆ. ವರ್ಷಕ್ಕೆ ಎರಡು ಮೂರು ಪಂದ್ಯ ಸಾಕೆನ್ನುವವರು ಸೀಸನ್ ಟಿಕೆಟ್ ಕೊಳ್ಳುವ ಅಗತ್ಯವೇ ಇಲ್ಲ; ವಾರದ ನಡುವಿನ ಪಂದ್ಯಗಳಿಗೆ ಅಂದೇ ಬೇಕಾದಷ್ಟು ಆಸನಗಳು ಸಿಗುತ್ತವೆ. ಸ್ಕೋರ್ ಬರೆಯಲು ಕಲಿಯಬೇಕೆನ್ನುವವರು, ಪಕ್ಕದಲ್ಲಿ ಅದೇ ಮುಖವನ್ನು ಆರು ತಿಂಗಳು ನೋಡಬೇಕೆನ್ನುವವರು ಯಾರೊಂದಿಗಾದರೂ ಸೇರಿ ಕೊಳ್ಳಲಿ. ನಾವು ಈ ವರ್ಷವೂ ಹಣ ಕಟ್ಟಿದ್ದೇವೆ.

ಇನ್ನೊಂದು ಪಂದ್ಯಕ್ಕೆ ಟಿಕೆಟ್ ಬೇಡ. 1960ರ ಅಕ್ಟೋಬರ್ 13ರಂದು ಬಿಲ್ ಮಜೆರೊಸ್ಕಿ ಹೊಡೆದ ಹೋಮ್‌ರನ್ನಿನಿಂದ ಪೈರೇಟ್ಸ್ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು 10–9ರಿಂದ ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. ಆ ಹಳೆಯ ಮೈದಾನದ ಇಟ್ಟಿಗೆ ಗೋಡೆಯ ಒಂದು ತುಂಡು ಓಕ್ಲೆಂಡ್ ಬಡಾವಣೆಯಲ್ಲಿ, ವಿಶ್ವವಿದ್ಯಾಲಯದ ಪಕ್ಕದಲ್ಲಿ ಇನ್ನೂ ನಿಂತಿದೆ. ಪ್ರತಿ ವರ್ಷ ಅದೇ ದಿನ ಜನ ಆ ಗೋಡೆಯ ಬುಡದಲ್ಲಿ ಸೇರಿ ಅಂದಿನ ರೇಡಿಯೊ ಪ್ರಸಾರವನ್ನು ಮೊದಲಿನಿಂದ ಕೇಳುತ್ತಾರೆ. ಚೆಂಡು ಗೋಡೆ ದಾಟುವ ಹೊತ್ತಿಗೆ ಗಡಿಯಾರದಲ್ಲಿ ಸರಿಯಾಗಿ 3 ಗಂಟೆ 36 ನಿಮಿಷವಾಗಿರುತ್ತದೆ. ನಮ್ಮ ಹಿರಿಯರು ಅಲ್ಲಿಗೂ ಪೆನ್ಸಿಲ್ಲು, ಪುಸ್ತಕ ತರುತ್ತಾರೆ. ಅಕ್ಟೋಬರಿನಲ್ಲಿ ನೆಲ ತಣ್ಣಗಿರುತ್ತದೆ, ಕೂರಲು ಒಂದು ಜಮಖಾನೆ ತನ್ನಿ.