ಧಾರವಾಡದಲ್ಲಿ ಮರದ ರೆಡಿಮೇಡ್ ಮನೆ: ನಾಲ್ಕು ಮಳೆಗಾಲ ಕಳೆದ ಮೇಲೆ

2021ರ ಡಿಸೆಂಬರ್‌ನಿಂದ ನಾನು ಮತ್ತು ನನ್ನ ಹೆಂಡತಿ ಮರದ ರೆಡಿಮೇಡ್ ಮನೆಯಲ್ಲಿ ಇದ್ದೇವೆ. ರಜೆಗೆ ಬಂದು ಹೋಗುವ ಮನೆಯಲ್ಲ, ವರ್ಷವಿಡೀ ಇರುವ ಮನೆ. ಧಾರವಾಡದಿಂದ ಹಳಿಯಾಳ ರಸ್ತೆಯಲ್ಲಿ ಸ್ವಲ್ಪ ದೂರ ಬಂದರೆ ನಮ್ಮ ಜಾಗ. ಮನೆ ನಿಂತಾಗ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: "ಏನ್ರೀ ಸರ, ಕಟ್ಟಿಗಿ ಮನಿ ಮಳಿಗಾಲ ತಡೀತೈತೇನ್ರೀ?" ಈಗ ಉತ್ತರ ಹೇಳಬಲ್ಲೆ. ತಡೆಯುತ್ತದೆ. ಆದರೆ ಕಂಪನಿಯವರು ನಿಲ್ಲಿಸಿಕೊಟ್ಟ ಹಾಗೇ ಬಿಟ್ಟಿದ್ದರೆ ತಡೆಯುತ್ತಿರಲಿಲ್ಲ.

ಮನೆ 420 ಚದರ ಅಡಿ. ಒಂದು ಬೆಡ್‌ರೂಮ್, ಒಂದು ಬಾತ್‌ರೂಮ್, ಹಾಲ್ ಮತ್ತು ಅಡುಗೆಮನೆ ಒಟ್ಟಿಗೇ. ಗೋಡೆಗಳು ಫ್ಯಾಕ್ಟರಿಯಲ್ಲೇ ತಯಾರಾಗಿ ಎರಡು ಲಾರಿಯಲ್ಲಿ ಬಂದವು. ಒಂಬತ್ತು ದಿನಕ್ಕೆ ಮನೆ ನಿಂತಿತು. ಮರ ನ್ಯೂಜಿಲೆಂಡ್ ಪೈನ್, ಔಷಧಿ ಕುಡಿಸಿದ್ದು. ಒಳಗೂ ಹೊರಗೂ ಹಲಗೆ, ನಡುವೆ ನಾಲ್ಕು ಇಂಚು ರಾಕ್‌ವೂಲ್ (ಬಿಸಿ ತಡೆಯುವ, ಕಲ್ಲಿನ ಎಳೆಗಳ ಹಾಸು), ಮೇಲೆ ತಗಡು. ಮನೆಗೆ 13 ಲಕ್ಷ. ಕಂಬ, ಸೆಪ್ಟಿಕ್ ಟ್ಯಾಂಕ್, ಕರೆಂಟು ಅಂತ ಇನ್ನೂ 3 ಲಕ್ಷ. ನಾವು ಕೇಳಿದ ಬ್ಯಾಂಕಿನವರು ಮರದ ಮನೆಗೆ ಗೃಹಸಾಲ ಕೊಡಲಿಲ್ಲ. ಪಿಎಫ್ ಹಣವೇ ಆಸರೆಯಾಯಿತು. ಕೊಳ್ಳುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಮೊದಲ ಪೆಟ್ಟು ಬಿದ್ದದ್ದು 2022ರ ಜುಲೈನಲ್ಲಿ. ನಮ್ಮ ಕಡೆ ಮುಂಗಾರು ಮಳೆ ನೇರವಾಗಿ ಸುರಿಯುವುದಿಲ್ಲ. ಪಶ್ಚಿಮದ ಗಾಳಿ ಅದನ್ನು ತಂದು ಗೋಡೆಗೆ ಹೊಡೆಯುತ್ತದೆ. ಈ ಮನೆಗೆ ಗೋಡೆಯಿಂದ ಹೊರಗೆ ಚಾಚಿದ ಸೂರು ಅಂತ ಇದ್ದದ್ದು ಒಂಬತ್ತು ಇಂಚು. ಚಿತ್ರದಲ್ಲಿ ನೋಡಲು ಚೆಂದ, ನಮ್ಮ ಮಳೆಗೆ ಸಾಲದು. ಹದಿನೈದು ದಿನ ಬಿಡದೆ ನೆನೆದ ಪಡುವಣ ಗೋಡೆ ಕಪ್ಪಾಯಿತು. ಕಿಟಕಿಯ ಕೆಳಗಿನ ಮೂಲೆಯಿಂದ ನೀರು ಒಳಗೆ ಬಂತು. ಕಂಪನಿಗೆ ಎಷ್ಟು ಸಲ ಫೋನ್ ಮಾಡಿದೆವೋ ಲೆಕ್ಕವಿಲ್ಲ. ಮೂರು ವಾರದ ಮೇಲೆ ಒಬ್ಬ ಹುಡುಗ ಬಂದು ಸಿಲಿಕಾನ್ ತುಂಬಿ ಹೋದ. ಮುಂದಿನ ಮಳೆಗೆ ಮತ್ತೆ ಸೋರಿತು. ಆ ರಾತ್ರಿ ಕಿಟಕಿಗೆ ಹಳೇ ಸೀರೆ ತುರುಕಿ ಕೂತಿದ್ದೆವು. ಹೆಂಡತಿ ಒಂದು ಮಾತೂ ಆಡಲಿಲ್ಲ. ಈ ಮನೆ ಬೇಕು ಅಂದವನು ನಾನು, ಹಾಗಾಗಿ ಆ ಮೌನ ನನಗೆ ಬಹಳ ಭಾರವಾಯಿತು.

ದಾರಿ ತೋರಿಸಿದವರು ನಮ್ಮ ಬಡಿಗೇರರು. "ಗೋಡಿಗೆ ಔಷಧ ಬ್ಯಾಡ್ರಿ, ನೆರಳು ಕೊಡ್ರಿ" ಅಂದರು. ಪಶ್ಚಿಮ ಮತ್ತು ದಕ್ಷಿಣಕ್ಕೆ ಐದು ಅಡಿ ಪಡಸಾಲೆ ಇಳಿಸಿ, ಮಂಗಳೂರು ಹಂಚು ಹೊದಿಸಿದರು. ಹಳೇ ಮನೆ ಕೆಡವಿದ ಕಡೆಯಿಂದ ತಂದ ಸಾಗವಾನಿ ಕಂಬಗಳು. 1 ಲಕ್ಷ 10 ಸಾವಿರ ಖರ್ಚಾಯಿತು. ಅಲ್ಲಿಂದ ಇಲ್ಲಿಯವರೆಗೆ ಒಂದು ಹನಿ ಒಳಗೆ ಬಂದಿಲ್ಲ. ನೀವು ಇಂಥ ಮನೆ ತಗೊಳ್ಳುವುದಾದರೆ ಪಡಸಾಲೆಯ ದುಡ್ಡನ್ನು ಮನೆಯ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಅದು ಸೊಗಸಿಗೆ ಅಲ್ಲ, ಮನೆ ಉಳಿಯುವುದಕ್ಕೆ.

ಎರಡನೇ ಭಯ ಗೆದ್ದಲು. ಇಲ್ಲಿ ನಮ್ಮನ್ನು ಕಾಪಾಡಿದ್ದು ಕಂಬದ ಎತ್ತರ. ಕಂಪನಿಯ ನಕ್ಷೆಯಲ್ಲಿ ಕಾಂಕ್ರೀಟ್ ಕಂಬ ಒಂದು ಅಡಿ ಇತ್ತು. ಊರಿನ ಗೌಂಡಿಯ ಮಾತು ಕೇಳಿ ಎರಡೂವರೆ ಅಡಿ ಎತ್ತಿಸಿದ್ದೆವು. 2023ರ ಅಕ್ಟೋಬರ್‌ನಲ್ಲಿ ಬ್ಯಾಟರಿ ಹಿಡಿದು ಕೆಳಗೆ ಬಗ್ಗಿ ನೋಡಿದೆ. ಒಂದು ಕಂಬದ ಮೇಲೆ ಮಣ್ಣಿನ ಗೆರೆ ಅರ್ಧದವರೆಗೆ ಏರಿತ್ತು. ಕೆರೆದು ಹಾಕಿ, ಬುಡಕ್ಕೆ ಔಷಧಿ ಸುರಿದು, ಪ್ರತಿ ಕಂಬದ ತಲೆಗೂ ತಗಡಿನ ಟೋಪಿ ಹಾಕಿಸಿದೆವು. ಗೆದ್ದಲು ಬೆಳಕಿಗೆ ಬರುವುದಿಲ್ಲ, ಮಣ್ಣಿನ ಕೊಳವೆ ಕಟ್ಟಿಕೊಂಡೇ ಹತ್ತುತ್ತದೆ. ಹಾಗಾಗಿ ಕಂಬ ಬಯಲಲ್ಲಿದ್ದರೆ ಅದು ಬರುವುದು ಕಾಣುತ್ತದೆ. ಮನೆ ನೆಲಕ್ಕೆ ಅಂಟಿದ್ದರೆ ನಮಗೆ ಗೊತ್ತಾಗುವ ಹೊತ್ತಿಗೆ ಹಲಗೆ ಟೊಳ್ಳಾಗಿರುತ್ತಿತ್ತು. ಈಗಲೂ ಹದಿನೈದು ದಿನಕ್ಕೊಮ್ಮೆ ಬಗ್ಗಿ ನೋಡುತ್ತೇನೆ.

ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ, ಕಂಬ ಅಲ್ಲಾಡಿಲ್ಲ. ನವಲಗುಂದ, ಗದಗ ಕಡೆಯ ಎರಿ (ಕಪ್ಪು ಮಣ್ಣಿನ) ನೆಲದವರು ಇಷ್ಟು ಸುಲಭ ಅಂದುಕೊಳ್ಳಬೇಡಿ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಒಂದೊಂದು ಕಂಬ ಒಂದೊಂದು ರೀತಿ ಸರಿದರೆ ಇಡೀ ಮನೆ ತಿರುಚಿಕೊಳ್ಳುತ್ತದೆ. ಅಲ್ಲಿ ಪಾಯಕ್ಕೆ ಎಂಜಿನಿಯರ್ ಬೇಕೇ ಬೇಕು.

ಬೇಸಿಗೆಯ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಅಜ್ಜಿಯ ಊರಿನ ಮನೆಗೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮೇಲ್ಮುದ್ದೆ, ಅಂದರೆ ಮಣ್ಣಿನ ಮಾಳಿಗೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಸಿಗುವ ತಂಪು ಇಲ್ಲಿ ಸಿಗುವುದಿಲ್ಲ. ಮರ ಮತ್ತು ರಾಕ್‌ವೂಲ್ ಬಿಸಿಯನ್ನು ತಡ ಮಾಡುತ್ತವೆ, ಮಣ್ಣಿನ ಹಾಗೆ ಹೀರಿಕೊಂಡು ಇಟ್ಟುಕೊಳ್ಳುವುದಿಲ್ಲ. ಮೂರು ಗಂಟೆ ಹೊತ್ತಿಗೆ ಒಳಗೆ ಸೆಕೆ. ಆದರೆ ಸಂಜೆ ಧಾರವಾಡದ ಗಾಳಿ ಶುರುವಾಗಿ ಕಿಟಕಿ ತೆರೆದರೆ ಎಂಟು ಗಂಟೆಗೆ ಮನೆ ತಣ್ಣಗಾಗಿರುತ್ತದೆ. ನಾವು ಮೊದಲಿದ್ದ ಆರ್‌ಸಿಸಿ ಮನೆಯ ಸ್ಲ್ಯಾಬು ಮಧ್ಯರಾತ್ರಿಯವರೆಗೂ ಉಗಿ ಬಿಡುತ್ತಿತ್ತು. ಇಲ್ಲಿ ಮೇ ತಿಂಗಳಲ್ಲೂ ಚೆನ್ನಾಗಿ ನಿದ್ದೆ ಬರುತ್ತದೆ. ಕೂಲರ್ ಹಾಕುವುದು ವರ್ಷಕ್ಕೆ ಮೂರು ವಾರ. ಡಿಸೆಂಬರ್ ಚಳಿಯಲ್ಲಂತೂ ಇಷ್ಟು ಬೆಚ್ಚಗಿನ ಮನೆಯಲ್ಲಿ ನಾನು ಎಂದೂ ಇದ್ದಿಲ್ಲ.

ಸದ್ದಿನದೇ ತೊಂದರೆ. ಜುಲೈನಲ್ಲಿ ತಗಡಿನ ಮೇಲೆ ಮಳೆ ಹಿಡಿದರೆ ಫೋನಿನ ಮಾತು ಕೇಳಿಸುವುದಿಲ್ಲ. ನೆಲವೂ ಹಲಗೆಯದೇ ಅಲ್ವಾ, ಹೆಂಡತಿ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುತ್ತಿದ್ದರೆ ಬೆಡ್‌ರೂಮಿನ ಮಂಚದವರೆಗೆ ದಪದಪ ಬರುತ್ತಿತ್ತು. ರೊಟ್ಟಿ ಬಡಿಯುವ ಕಟ್ಟೆಗೆ ಕೆಳಗಿನಿಂದ ಬೇರೆ ಕಾಂಕ್ರೀಟ್ ಕಂಬ ಕೊಡಿಸಿ, ಮೇಲೆ ಕಡಪಾ ಕಲ್ಲು ಹಾಕಿಸಿದ ಮೇಲೆ ಅದು ನಿಂತಿತು. ಒಲೆಯ ಹಿಂದಿನ ಗೋಡೆಗೆ ಸಿಮೆಂಟ್ ಬೋರ್ಡು, ಟೈಲ್ಸ್ ಇದೆ. ಸಿಲಿಂಡರ್ ಹೊರಗಿದೆ. ವೈರುಗಳೆಲ್ಲ ಕಬ್ಬಿಣದ ಪೈಪಿನೊಳಗೆ. ಬೆಂಕಿಯ ವಿಷಯದಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡಿ.

ಮರ ಅಂದ ಮೇಲೆ ಉಬ್ಬುವುದು, ಕುಗ್ಗುವುದು ಇದ್ದದ್ದೇ. ಆಗಸ್ಟ್‌ನಲ್ಲಿ ಬಾಗಿಲು ಬಿಗಿಯಾಗುತ್ತದೆ, ಮಾರ್ಚ್‌ನಲ್ಲಿ ಹಲಗೆಗಳ ನಡುವೆ ಸಂದಿ ಕಾಣುತ್ತದೆ. ಮಳೆ ಕೈಕೊಟ್ಟ 2023ರಲ್ಲಿ ಸಂದಿ ಇನ್ನೂ ಜಾಸ್ತಿಯಾಗಿತ್ತು, ಮುಂದಿನ ವರ್ಷ ತಾನೇ ಮುಚ್ಚಿಕೊಂಡಿತು. ಅದಕ್ಕೆ ಗಾಬರಿ ಬೇಡ.

ಪ್ರತಿ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಹೊರಗೋಡೆಗೆ ಕುದಿಸಿದ ಅಗಸೆ ಎಣ್ಣೆ ಹಚ್ಚುತ್ತೇವೆ. ಇಬ್ಬರಿಗೆ ಎರಡು ದಿನದ ಕೆಲಸ, ಸುಮಾರು 8 ಸಾವಿರ ರೂಪಾಯಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ. ಈ ವರ್ಷ ಬಾತ್‌ರೂಮಿನ ಬಾಗಿಲ ಚೌಕಟ್ಟು ಕೆಳಗಡೆ ಮೆತ್ತಗಾಗಿದೆ. ದೀಪಾವಳಿ ಮುಗಿದ ಮೇಲೆ ಅದನ್ನು ತೆಗೆಸಿ ಕಲ್ಲಿನದು ಕೂರಿಸುತ್ತೇವೆ. ಬಡಿಗೇರರು ಈಗಾಗಲೇ ಅಳತೆ ತಗೊಂಡು ಹೋಗಿದ್ದಾರೆ.