ಸೂಪರ್ ಮಾರ್ಕೆಟ್ ಹತ್ತಿರದ ಕವಳಿಹಣ್ಣಿನ ಬುಟ್ಟಿ: ಮೇ ತಿಂಗಳಲ್ಲಿ ತಪ್ಪಿಸಬೇಡಿ

ಮೇ ತಿಂಗಳಲ್ಲಿ ಧಾರವಾಡದ ಸೂಪರ್ ಮಾರ್ಕೆಟ್ ಕಡೆ ಹೋದರೆ ಮಾವಿನಹಣ್ಣಿನ ಗಾಡಿಗಳ ಮುಂದೆಯೇ ನಿಂತುಬಿಡಬೇಡಿ. ಸ್ವಲ್ಪ ಮುಂದೆ ನೆಲದ ಮೇಲೆ ಗೋಣಿಚೀಲ ಹಾಸಿ ಕೂತ ಹೆಣ್ಣುಮಕ್ಕಳ ಬುಟ್ಟಿಗಳನ್ನೂ ನೋಡಿ. ಕವಳಿಹಣ್ಣು ಸಿಗುವುದು ಅಲ್ಲಿ. ನಾನು ತಗೊಳ್ಳುವುದು ಹಳಿಯಾಳ ರಸ್ತೆ ಕಡೆಯ ಹಳ್ಳಿಯಿಂದ ಬರುವ ಒಬ್ಬ ಅಜ್ಜಿಯ ಹತ್ತಿರ. ಬೋರ್ಡಿಲ್ಲ, ತಕ್ಕಡಿ ಇಲ್ಲ. ಒಂದು ಸ್ಟೀಲ್ ಬಟ್ಟಲು, ಪಕ್ಕದಲ್ಲಿ ಮುತ್ತಲ ಎಲೆಯ ಕಟ್ಟು, ಅಷ್ಟೇ. ಬಟ್ಟಲಿಗೆ 20 ರೂಪಾಯಿ. ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರೆ, ಕೇಳಲೇಬೇಕಿಲ್ಲ.

ನರ್ಸರಿಯಿಂದ ತಂದು ಹಿತ್ತಲಲ್ಲಿ ಬೆಳೆಸುವ ದೊಡ್ಡ ಕವಳಿ ತಿಂದು ‘ಹುಳಿ ಹುಳಿ’ ಅಂದವರು ಕಾಡಿನ ಈ ಸಣ್ಣ ಹಣ್ಣನ್ನು ತಿಂದು ನೋಡಬೇಕು. ಕಡಲೆಗಿಂತ ಸ್ವಲ್ಪ ದೊಡ್ಡದು. ಪೂರ್ತಿ ಕಪ್ಪಾಗಿ, ಒತ್ತಿದರೆ ಮೆತ್ತಗೆ ಕುಸಿಯಬೇಕು. ಒಳಗೆ ಕೆನ್ನೇರಳೆ ರಸ, ಸಣ್ಣ ಚಪ್ಪಟೆ ಬೀಜ. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ನಾಲಿಗೆ ತುದಿಯಲ್ಲಿ ಚೂರು ಒಗರು. ಇನ್ನೂ ಕೆಂಪಿರುವುದನ್ನು ತೊಟ್ಟಿನಿಂದ ಬಿಡಿಸಿದರೆ ಬಿಳಿ ಹಾಲು ಬರುತ್ತದೆ. ಅದನ್ನು ತಿಂದರೆ ತುಟಿಗೆಲ್ಲ ಅಂಟು. ಹಾಗಾಗಿ ಬಟ್ಟಲಿಗೆ ಬೀಳುವಾಗಲೇ ಕಣ್ಣಿಟ್ಟಿರಿ.

ಎಲ್ಲರ ಬುಟ್ಟಿಯೂ ಒಂದೇ ಥರ ಇರುವುದಿಲ್ಲ. ಮೇಲೆ ಕಪ್ಪು ಹಣ್ಣು, ಕೆಳಗೆ ದೋರಗಾಯಿ ಇಡುವವರೂ ಇದ್ದಾರೆ. ಈ ಅಜ್ಜಿಯ ಹತ್ತಿರ ಆ ಚಿಂತೆ ಇಲ್ಲ. ಕೆಂಪಿನವನ್ನು ಬೇರೆಯೇ ಎಲೆಯಲ್ಲಿ ಇಟ್ಟಿರುತ್ತಾರೆ, ಚಟ್ನಿಗೆ ಬೇಕೆನ್ನುವವರಿಗೆ ಕೊಡುತ್ತಾರೆ. ಒಂದೇ ತೊಂದರೆ, ಹನ್ನೊಂದು ಗಂಟೆ ದಾಟಿದರೆ ಬುಟ್ಟಿ ಖಾಲಿ. ಉಳಿದಿದ್ದರೂ ಬಿಸಿಲಿಗೆ ರಸ ಬಿಟ್ಟು ಪಚಪಚ ಆಗಿರುತ್ತದೆ.

ಬೆಲೆ ಜಾಸ್ತಿ ಅಂತ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಈ ಸಣ್ಣ ಕವಳಿಯನ್ನು ಯಾರೂ ಬೆಳೆದು ತರುವುದಿಲ್ಲ. ಧಾರವಾಡದ ಪಶ್ಚಿಮಕ್ಕೆ ಕೆಂಪು ನೆಲದ ಗುಡ್ಡ, ಕುರುಚಲು ಕಾಡು ಸಿಗುತ್ತದಲ್ವಾ, ಅಲ್ಲಿ ಕಂಟಿಗಳಲ್ಲಿ ತಾನಾಗಿ ಹಣ್ಣಾಗುತ್ತದೆ. ನವಲಗುಂದದ ಕಡೆಯ ಎರೆಹೊಲದಲ್ಲಿ ಹುಡುಕಿದರೆ ಸಿಗುವುದಲ್ಲ. ಕಂಟಿಯ ತುಂಬ ಜೋಡಿ ಮುಳ್ಳು, ಗಟ್ಟಿ ಮುಳ್ಳು. ಕಪ್ಪಾದದ್ದನ್ನೇ ಆರಿಸಿ ಒಂದೊಂದಾಗಿ ಬಿಡಿಸಬೇಕು, ಕೊಂಬೆ ಜಾಡಿಸಿದರೆ ಕಾಯಿಯೂ ಉದುರುತ್ತದೆ. ಅಜ್ಜಿಯ ಮುಂಗೈ ಮೇಲೆ ಹಳೆಯ ಗೀರು, ಹೊಸ ಗೀರು ಎರಡೂ ಇವೆ. ಆ ಕೈ ನೋಡಿದ ಮೇಲೂ ಐದು ರೂಪಾಯಿ ಬಿಡಿ ಅನ್ನಲು ಹೇಗೆ ಬಾಯಿ ಬರುತ್ತದೋ.

ಇದೇ ಬುಟ್ಟಿಯಲ್ಲಿ ಹೋಳಿ ಹುಣ್ಣಿಮೆ ಹೊತ್ತಿಗೆ ಮುತ್ತಲ ಹೂ ಇರುತ್ತದೆ. ನೀರಲ್ಲಿ ಕುದಿಸಿದರೆ ಕೇಸರಿ ಬಣ್ಣ ಬಿಡುತ್ತದೆ, ಮಕ್ಕಳ ಓಕುಳಿಗೆ ಬೇರೆ ಬಣ್ಣ ಬೇಕಿಲ್ಲ. ಕೆಲವೊಮ್ಮೆ ತುಮರಿ ಹಣ್ಣೂ ತರುತ್ತಾರೆ. ಅದರ ಸಿಪ್ಪೆ ದಪ್ಪ, ತಿರುಳು ಸಿಹಿ. ಬೀಡಿ ಕಟ್ಟುವುದು ಇದೇ ಮರದ ಎಲೆಯಲ್ಲಿ.

ಉಪ್ಪಿನಕಾಯಿಗೆ ಹಸಿರು ಕಾಯಿ ಬೇಕಿದ್ದರೆ ಏಪ್ರಿಲ್‌ನಲ್ಲೇ ಹೇಳಿಡಿ. ಹೆಚ್ಚುವಾಗ ಕೈಗೂ ಚಾಕುವಿಗೂ ಎಣ್ಣೆ ಸವರಿಕೊಳ್ಳಿ, ಹಾಲು ಅಂಟುವುದಿಲ್ಲ. ಜಾಮ್ ಮಾಡುವವರಿಗೂ ಇದು ಒಳ್ಳೆಯ ಹಣ್ಣು. ಪೆಕ್ಟಿನ್ ಇರುವುದರಿಂದ ಬೇರೇನೂ ಹಾಕದೆ ಗಟ್ಟಿಯಾಗುತ್ತದೆ. ಬೇಕರಿ ಕೇಕಿನ ಮೇಲಿನ ಕೆಂಪು ‘ಚೆರ್ರಿ’ ಕೂಡ ಎಷ್ಟೋ ಸಲ ಸಕ್ಕರೆ ಪಾಕದಲ್ಲಿ ಬಣ್ಣ ಹಾಕಿ ಬೇಯಿಸಿದ ದೊಡ್ಡ ಕವಳಿಯೇ.

ರೋಹಿಣಿ ಮಳೆ ಜೋರಾಗುವ ಮೊದಲೇ ಹೋಗಿ, ಮಳೆ ಬಿದ್ದ ಮೇಲೆ ಹಣ್ಣು ನೀರಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮನೆ ಮುಟ್ಟುವಷ್ಟರಲ್ಲಿ ಜಜ್ಜಿಹೋಗುತ್ತದೆ, ಡಬ್ಬಿ ಒಯ್ಯಿರಿ. ಚಿಲ್ಲರೆಯೂ ಇರಲಿ, ಅಜ್ಜಿಯ ಹತ್ತಿರ ಫೋನ್‌ಪೇ ಇಲ್ಲ.