‘ಆಂಟಿಕ್’ ಚೀಟಿ ಅಂಟಿಸಿದ ಬೀಡಿನ ಬಸ್ಸು: ಕೊಳ್ಳುವ ಮುಂಚೆ ಮಗುಚಿ ನೋಡಿ

ಬೆಳಗಾವಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಬೀಡಿನ (ಎರಕದ ಕಬ್ಬಿಣದ) ಆಟಿಕೆ ಬಸ್ಸೊಂದು ಮಾರಾಟಕ್ಕಿದೆ. ಉದ್ದ ಸುಮಾರು 12 ಇಂಚು, ಚೀಟಿಯಲ್ಲಿ ‘ಆಂಟಿಕ್, 1925’, ಬೆಲೆ 9,500 ರೂಪಾಯಿ. ಇದು ಹಳೆಯದಲ್ಲ, ಹಳೆಯದರ ನಕಲು. ಶೋಕೇಸಿಗೆಂದು 1,500 ಕೊಡಬಹುದು, ಅದಕ್ಕಿಂತ ಮೇಲೆ ಬೇಡ.

ಮಾದರಿ ಮಾತ್ರ ಒಳ್ಳೆಯದು: ಫ್ಯಾಜಲ್ ಸೇಫ್ಟಿ ಕೋಚ್. 1920ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ತಯಾರಾದ ನಿಜವಾದ ಬಸ್ಸು. ಆಗ ಲಾರಿ ಚಾಸಿಯ ಮೇಲೆ ಬಾಡಿ ಕೂರಿಸಿ ಬಸ್ಸು ಎನ್ನುವುದೇ ವಾಡಿಕೆ. ಇದನ್ನು ಮೊದಲಿನಿಂದಲೇ ಬಸ್ಸೆಂದು ರೂಪಿಸಿದರು: ನೆಲ ತಗ್ಗು, ಎಡ-ಬಲ ಗಾಲಿಗಳ ಅಂತರ ಅಗಲ, ತಿರುವಿನಲ್ಲಿ ಮಗುಚುವ ಭಯ ಕಡಿಮೆ. ಇಲಿನಾಯ್ ರಾಜ್ಯದ ಫ್ರೀಪೋರ್ಟಿನ ಆರ್ಕೇಡ್ ಕಂಪನಿ ಅದೇ ತಗ್ಗು ಮೈಕಟ್ಟನ್ನು ಆಟಿಕೆಗೆ ಇಳಿಸಿತು. ಸಂಗ್ರಾಹಕರು ಹುಡುಕುವುದು ಆ ಅಸಲನ್ನು.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೈ ಮಸಿ ಮಾಡಿಕೊಂಡವರಿಗೆ ನಕಲಿನ ಗುಟ್ಟು ತಕ್ಷಣ ಹೊಳೆಯುತ್ತದೆ. ಬೀಡು ತಣಿಯುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಅದಕ್ಕೇ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಅಷ್ಟು ದೊಡ್ಡದಾಗಿ ಮಾಡುತ್ತಾರೆ. ಹಳೆಯ ಆಟಿಕೆಯನ್ನೇ ಮರಳಿಗೆ ಒತ್ತಿ ಎರಕ ಹೊಯ್ದರೆ ಒಮ್ಮೆ ಕುಗ್ಗಿದ್ದು ಮತ್ತೆ ಕುಗ್ಗುತ್ತದೆ. 12 ಇಂಚಿಗೆ ಸುಮಾರು 3 ಮಿ.ಮೀ. ವ್ಯತ್ಯಾಸ. ಸಂಗ್ರಾಹಕರ ಪುಸ್ತಕಗಳಲ್ಲಿ ಅಳತೆಯನ್ನು ಕಾಲು-ಅರ್ಧ ಇಂಚಿಗೆ ಸರಿಹೊಂದಿಸಿ ಬರೆದಿರುತ್ತಾರೆ, ಆದ್ದರಿಂದ ಉದ್ದವೊಂದನ್ನೇ ನಂಬಿ ತೀರ್ಮಾನಿಸಬಾರದು.

ಜೋಡಣೆ ನೋಡಿ. ಬಾಡಿ ಎಡ-ಬಲ ಎರಡು ಹೋಳು. ಒಳ್ಳೆಯ ಅಸಲಿನಲ್ಲಿ ಅವು ಕೂಡುವ ಗೆರೆ ಕೂದಲೆಳೆಯಷ್ಟು. ಇಲ್ಲಿ ಛಾವಣಿಯ ಸಂದಿಯಲ್ಲಿ ಎಟಿಎಂ ಕಾರ್ಡಿನ ಅಂಚು ತೂರುತ್ತದೆ, ಹಿಂಬದಿಯಲ್ಲಿ ಒಂದು ಹೋಳು ಇನ್ನೊಂದಕ್ಕಿಂತ ಮೇಲೆದ್ದಿದೆ. ಕಿಟಕಿ ಚೌಕಟ್ಟಿನ ಒಳಅಂಚಿಗೆ ಬೆರಳಾಡಿಸಿದರೆ ಮರಳಿನ ತರಿ ತಾಕುತ್ತದೆ. ಅಡಿಯಲ್ಲಿ ಗ್ರೈಂಡರಿನ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿವೆ. ಎರಡು ಹೋಳನ್ನು ಹಿಡಿದಿರುವುದು ಪ್ಲಸ್ ತಲೆಯ ಸ್ಕ್ರೂ, ಅದು ಮಾರುಕಟ್ಟೆಗೆ ಬಂದದ್ದೇ 1930ರ ದಶಕದಲ್ಲಿ. ಅಸಲು ಆಟಿಕೆಗಳಲ್ಲಿ ತುದಿ ಬಡಿದು ಅಗಲಿಸಿದ ರಿವೆಟ್ ಇಲ್ಲವೇ ಒಂದೇ ಸೀಳಿನ ಸ್ಕ್ರೂ ಇರುತ್ತದೆ. ಸ್ಕ್ರೂ ಯಾರೋ ಆಮೇಲೆ ಬದಲಿಸಿರಬಹುದು ನಿಜ, ಆದರೆ ಸಂದಿ, ತರಿ, ಗೀರು ಎಲ್ಲ ಒಟ್ಟಿಗೆ ಬಂದಾಗ ಆ ಸಮಜಾಯಿಷಿ ನಿಲ್ಲುವುದಿಲ್ಲ.

ಬಣ್ಣ ಸವೆದ ರೀತಿಯೂ ಸರಿಯಿಲ್ಲ. ಮಕ್ಕಳು ಆಡಿದ ಬಸ್ಸಿನಲ್ಲಿ ಛಾವಣಿಯ ಅಂಚು, ಬಾನೆಟ್ಟಿನ ಮೂತಿ, ಗಾಲಿ ಮೊದಲು ಸವೆಯುತ್ತವೆ. ಇಲ್ಲಿ ಬೆರಳು ಹೋಗದ ಕುಳಿಗಳಲ್ಲೂ ಬಣ್ಣ ಒಂದೇ ಸಮ ಹಾರಿದೆ. ಬಿಳಿ ಬಟ್ಟೆಯಿಂದ ಒರೆಸಿದರೆ ಕಿತ್ತಳೆ ತುಕ್ಕು ಹತ್ತುತ್ತದೆ. ಹಳೆಯ ತುಕ್ಕು ಕಡುಕಂದು, ಲೋಹಕ್ಕೆ ಅಂಟಿಕೊಂಡಿರುತ್ತದೆ.

ಅಂಗಡಿಯವರು ಬಸ್ಸನ್ನು ಕೈಗೆ ಕೊಟ್ಟು, ಮಗುಚಿ ಟಾರ್ಚ್ ಹಾಕಿ ನೋಡಲು ಬಿಡುತ್ತಾರೆ. ಅದು ಮೆಚ್ಚುವ ಸಂಗತಿ. ಬಿಲ್ಲಿನಲ್ಲಿ ತಯಾರಿಕೆಯ ವರ್ಷ ಬರೆದುಕೊಡಲು ಮಾತ್ರ ಒಪ್ಪುವುದಿಲ್ಲ. ಚೀಟಿಯ ಮೇಲೆ ವರ್ಷ ಬರೆದವರು ಬಿಲ್ಲಿನ ಮೇಲೂ ಬರೆಯಬೇಕು.

ನಕಲೆಂದು ಗೊತ್ತಿದ್ದೇ ಕೊಂಡರೂ ಜೋಪಾನ ಬೇಕು. ಬೀಡು ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ. ಒಡೆದರೆ ಓಣಿಯ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಕಾಯಿಸದೆ ವೆಲ್ಡ್ ಹಾಕಿದರೆ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಇಲ್ಲಿಯ ಮಳೆಗಾಲದ ತೇವಕ್ಕೆ ತುಕ್ಕು ಬೇಗ ಹಬ್ಬುವುದರಿಂದ ಮೇ ತಿಂಗಳಲ್ಲೇ ಒಣ ಬ್ರಶ್ಶಿನಿಂದ ಧೂಳು ತೆಗೆದು, ಮೈಕ್ರೋಕ್ರಿಸ್ಟಲೈನ್ ಮೇಣ ತೆಳ್ಳಗೆ ಸವರಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಗಾಜಿನ ಕಪಾಟಿನಲ್ಲಿಡಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಧೂಳು ಮೆತ್ತಿಕೊಂಡು ಜಿಗುಟಾಗುತ್ತದೆ.